ಪುಟ್ಟಿ, ಮೊದಲು ಆ ಭುಜ ಕೆಳಗೆ ಬಿಡು

ಪುಟ್ಟಿ, ನಾನು ಚಿಕ್ಕಮ್ಮ. ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ ಮೆಸೇಜ್ ಈಗ ಬೆಳಿಗ್ಗೆ ನೋಡಿದೆ. ಮಲಗಿದರೂ ನಿದ್ದೆ ಹತ್ತಲ್ಲ, ಆಫೀಸಿನ ಮಾತೇ ತಲೆಯಲ್ಲಿ ಸುತ್ತುತ್ತದೆ, ಕುತ್ತಿಗೆ ಹಿಡಿದುಕೊಂಡಿದೆ, ಸಣ್ಣ ಮಾತಿಗೂ ರೇಗಿ ಬೀಳುತ್ತೇನೆ ಅಂತ ಬರೆದಿದ್ದೀಯ. ಟೈಪ್ ಮಾಡೋಕೆ ಹೋದರೆ ಸಂಜೆಯಾಗುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತೇನೆ. ಉದ್ದ ಆಗುತ್ತದೆ, ಬಸ್ಸಿನಲ್ಲಿ ಕೂತಾಗ ಕೇಳು.

ನಿನ್ನ ಮೆಸೇಜಿನ ಕೆಳಗೆ ಎಲ್ಲರೂ "ಟೆನ್ಷನ್ ಮಾಡ್ಕೋಬೇಡ ಕಂದ" ಅಂತ ಹಾಕಿದ್ದಾರೆ. ಪ್ರೀತಿಯಿಂದಲೇ ಹಾಕಿದ್ದಾರೆ. ಆದರೆ ಬೇಡ ಅಂದ ತಕ್ಷಣ ಟೆನ್ಷನ್ ಎದ್ದು ಹೋಗಲ್ಲ. ಅದು ಮೈಯೊಳಗೆ ಕೂತಿರುತ್ತದೆ. ಬಾಸ್ ಮೆಸೇಜ್ ಬಂದರೆ ಸಾಕು, ಅಡ್ರಿನಲಿನ್ ಏರುತ್ತದೆ, ಎದೆ ಬಡಿತ ಜಾಸ್ತಿಯಾಗುತ್ತದೆ, ಹಲ್ಲು ಕಚ್ಚಿಕೊಳ್ಳುತ್ತೇವೆ, ಉಸಿರು ಮೇಲೆ ಮೇಲೆ ಆಡುತ್ತದೆ. ಮೈ ಹಾಗಿರುವಾಗ ಮನಸ್ಸಿಗೆ ಎಷ್ಟು ಬುದ್ಧಿ ಹೇಳಿದರೂ ತಲೆಗೆ ಹೋಗಲ್ಲ. ಮೊದಲು ಮೈಗೆ ಸಮಾಧಾನ ಮಾಡಬೇಕು. ಆಮೇಲೆ ಮಿಕ್ಕ ಮಾತು.

ಇದನ್ನ ನಾನು ಆಸ್ಪತ್ರೆಯಲ್ಲಿ ಬಿ.ಪಿ. ನೋಡುವ ಟೇಬಲ್ ಮುಂದೆ ಕೂತು ಕಲಿತೆ. ದೂರದ ಹಳ್ಳಿಯಿಂದ ಎರಡು ಬಸ್ ಬದಲಾಯಿಸಿ ಬಂದ ಹೆಂಗಸು. ಚೀಟಿ ಮುಷ್ಟಿಯಲ್ಲಿ ಮುದ್ದೆಯಾಗಿರುತ್ತಿತ್ತು, ಬ್ಯಾಗು ತೊಡೆ ಮೇಲೆ ಒತ್ತಿ ಹಿಡಿದಿರುತ್ತಿದ್ದರು, ಭುಜ ಕಿವಿಯ ಹತ್ತಿರ. ಪಟ್ಟಿ ಸುತ್ತಿ ನೋಡಿದರೆ 150ರ ಮೇಲೆ. ನಾನು ಬರೆದುಕೊಳ್ಳುತ್ತಿರಲಿಲ್ಲ. "ಬ್ಯಾಗು ಕೆಳಗಿಡಮ್ಮ, ಬೆನ್ನು ಒರಗಿಸು, ಕಾಲು ನೆಲಕ್ಕೆ ಊರು, ಭುಜ ಬಿಡು" ಅಂತ ಹೇಳಿ ಐದು ನಿಮಿಷ ಸುಮ್ನೆ ಕೂರಿಸುತ್ತಿದ್ದೆ. ಮತ್ತೆ ನೋಡಿದರೆ ಎಷ್ಟೋ ಸಲ ಹತ್ತು ಹದಿನೈದು ಇಳಿದಿರುತ್ತಿತ್ತು. ಮಾತ್ರೆ ಕೊಟ್ಟಿಲ್ಲ, ಅವರ ಮನೆಯ ಕಷ್ಟ ಕಡಿಮೆಯಾಗಿಲ್ಲ. ಮೈ ಇಳಿಯಿತು ಅಷ್ಟೇ. ಇಳಿದ ಮೇಲೆ ಡಾಕ್ಟರ್ ಹೇಳಿದ್ದು ಅವರ ಕಿವಿಗೆ ಬೀಳುತ್ತಿತ್ತು.

ಈಗ ನೀನು ನಿನ್ನ ಭುಜ ನೋಡಿಕೋ. ಮೇಲಿದೆ ಅಲ್ವಾ? ಬೇಕಂತಲೇ ಇನ್ನೂ ಮೇಲೆ ಎಳೆದು ಐದು ಎಣಿಸು, ಆಮೇಲೆ ಒಂದೇ ಸಲ ಬಿಡು. ಮುಷ್ಟಿಗೂ ಹಾಗೇ ಮಾಡು, ದವಡೆಗೂ ಹಾಗೇ. ಬಿಗಿ ಮಾಡಿ ಬಿಟ್ಟಾಗಲೇ ಸ್ನಾಯುವಿಗೆ ಸಡಿಲ ಅಂದರೇನು ಅಂತ ಗೊತ್ತಾಗುವುದು.

ಇನ್ನು ಉಸಿರು. ಇದನ್ನ ಸ್ವಲ್ಪ ಗಮನ ಕೊಟ್ಟು ಕೇಳು. ಎಲ್ಲರೂ "ದೀರ್ಘವಾಗಿ ಉಸಿರು ಎಳೆದುಕೋ" ಅನ್ನುತ್ತಾರೆ. ಗುಟ್ಟು ಇರುವುದು ಬಿಡುವುದರಲ್ಲಿ. ಮಣಿಕಟ್ಟಿನ ನಾಡಿಯ ಮೇಲೆ ಎರಡು ಬೆರಳಿಟ್ಟು ನೋಡು. ಉಸಿರು ಎಳೆಯುವಾಗ ಬಡಿತ ಸ್ವಲ್ಪ ಬೇಗ, ಬಿಡುವಾಗ ನಿಧಾನ. ನಿನ್ನ ವಯಸ್ಸಿಗೆ ಚೆನ್ನಾಗೇ ಗೊತ್ತಾಗುತ್ತದೆ. ಹೃದಯಕ್ಕೆ ಹೋಗುವ ವೇಗಸ್ ನರ, ಉಸಿರು ಬಿಡುವಾಗ ಬ್ರೇಕ್ ಒತ್ತುತ್ತದೆ. ಅದಕ್ಕೇ ಬಿಡುವುದು ಎಳೆಯುವುದಕ್ಕಿಂತ ಉದ್ದ ಇರಬೇಕು. ಮೂಗಿನಿಂದ ಒಂದು ಸಲ ಎಳಿ, ಅದರ ಮೇಲೇ ಇನ್ನೊಂದು ಚಿಕ್ಕದು ಎಳಿ, ಆಮೇಲೆ ಬಾಯಿಂದ ನಿಧಾನಕ್ಕೆ ಪೂರ್ತಿ ಬಿಡು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನೇ ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು ಜನರಿಂದ ಮಾಡಿಸಿ ನೋಡಿದ್ದಾರೆ. 2023ರಲ್ಲಿ ಅದು ಪ್ರಕಟವಾಯಿತು. ಅಷ್ಟೇ ಹೊತ್ತು ಧ್ಯಾನಕ್ಕೆ ಕೂತವರಿಗಿಂತ ಇವರ ಮನಸ್ಸು ಜಾಸ್ತಿ ಹಗುರಾಗಿತ್ತು. ನಮ್ಮಲ್ಲಿ ಭ್ರಾಮರಿ ಅಂತ ಮಾಡುತ್ತಾರಲ್ಲ, ಮ್‌ಮ್‌ಮ್ ಅಂತ ಗುನುಗುವುದು, ಅದರಲ್ಲೂ ಉಸಿರು ತಾನಾಗೇ ಉದ್ದಕ್ಕೆ ಹೋಗುತ್ತದೆ. ಬಸ್ಸಿನಲ್ಲಿ ಗುನುಗೋಕೆ ಆಗಲ್ಲ ಬಿಡು. ಸಿಲ್ಕ್ ಬೋರ್ಡ್ ಹತ್ತಿರ ಬಸ್ ನಿಂತಾಗ ಈ ಎರಡು ಎಳೆತ ಒಂದು ಬಿಡುವುದನ್ನ ಮಾಡು, ಯಾರಿಗೂ ತಿಳಿಯಲ್ಲ. ತಲೆ ಸುತ್ತಿದಂತಾದರೆ ಬಲವಂತ ಮಾಡಬೇಡ, ನಿಲ್ಲಿಸು.

ಕಾಫಿ ವಿಷಯ. ನೀನು ಸಂಜೆ ಆರು ಗಂಟೆಗೂ ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿಯುವುದು ನನಗೆ ಗೊತ್ತು. ಕೆಫೀನ್ ಅರ್ಧ ಇಳಿಯೋಕೇ ಸುಮಾರು 5 ಗಂಟೆ ಬೇಕು. ಆರಕ್ಕೆ ಕುಡಿದದ್ದು ಹನ್ನೊಂದಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ಬೆಳಗಿನದು ಬಿಡು ಅನ್ನಲ್ಲ, ಅದು ಬಿಟ್ಟರೆ ನನಗೂ ದಿನ ಶುರುವಾಗಲ್ಲ. ಮಧ್ಯಾಹ್ನ ಊಟ ಆದ ಮೇಲೆ ಮಾತ್ರ ಬೇಡ.

ಮನೆಗೆ ಬಂದ ತಕ್ಷಣ ಫೋನ್ ಹಿಡಿದು ಮಂಚಕ್ಕೆ ಬೀಳಬೇಡ. ಮುಖ ತೊಳಿ, ಬಟ್ಟೆ ಬದಲಾಯಿಸು, ಕೈಗೆ ಏನಾದರೂ ಕೆಲಸ ಕೊಡು. ಹುರುಳಿಕಾಯಿ ನಾರು ತೆಗಿ, ಸೊಪ್ಪು ಬಿಡಿಸು. ಅವರೆಕಾಯಿ ಕಾಲ ಬಂದರೆ ಇನ್ನೂ ಒಳ್ಳೆಯದು. ಅಜ್ಜಿ ಮನೆಯಲ್ಲಿ ಎಲ್ಲರೂ ಸುತ್ತ ಕೂತು ನೆನೆಸಿದ ಕಾಳು ಹಿದುಕುತ್ತಿದ್ದೆವಲ್ಲ, ಬೆರಳಿಗೆ ಆ ಸೊಗಡು ಹತ್ತಿ, ಬೇಳೆ ಪಟಕ್ಕನೆ ಪಾತ್ರೆಗೆ ಹಾರುತ್ತಿತ್ತು. ಆ ಹೊತ್ತಿನಲ್ಲಿ ಯಾರೂ ನಾಳೆಯ ಚಿಂತೆ ಮಾಡಿದ್ದು ನನಗೆ ನೆನಪಿಲ್ಲ. ಕೈ ಒಂದೇ ಲಯದಲ್ಲಿ ಓಡುವಾಗ ತಲೆ ತಾನಾಗೇ ಸುಮ್ಮನಾಗುತ್ತದೆ. ಊಟ ಆದ ಮೇಲೆ ಹತ್ತು ನಿಮಿಷ ಬೀದಿಯಲ್ಲಿ ನಡೆದು ಬಾ.

ಭಾನುವಾರ ಲಾಲ್‌ಬಾಗಿಗೆ ಹೋಗು. ಜಯನಗರದಲ್ಲೇ ಇದ್ದೀಯ, ಎಷ್ಟು ದೂರ? ಕೆಂಪೇಗೌಡರ ಗೋಪುರ ಇರುವ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಬಿಸಿಲು ಏರುವ ಮೊದಲು ಅದರ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ಕೂತು ನೋಡು. ಫೋಟೋ ಕಳಿಸದಿದ್ದರೂ ಪರವಾಗಿಲ್ಲ.

ರಾತ್ರಿ ಮಲಗುವ ಮೊದಲು ಒಂದು ಹಾಳೆಯಲ್ಲಿ ನಾಳೆ ಮಾಡಬೇಕಾದ್ದನ್ನ ಬರಿ. ಫೋನಲ್ಲಿ ಬೇಡ, ಪೆನ್ನಿನಲ್ಲಿ. "ಪ್ರಾಜೆಕ್ಟ್" ಅಂತ ಬರೆದರೆ ಸಾಲದು, "ಹತ್ತು ಗಂಟೆಗೆ ಇಂಥವರಿಗೆ ಫೋನ್" ಅಂತ ಬಿಡಿಸಿ ಬರಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಇದನ್ನ ಪರೀಕ್ಷೆ ಮಾಡಿದ್ದಾರೆ. ಮುಗಿದ ಕೆಲಸ ಬರೆದವರಿಗಿಂತ ನಾಳೆಯ ಕೆಲಸ ಬರೆದವರು ಸುಮಾರು 9 ನಿಮಿಷ ಮೊದಲೇ ನಿದ್ದೆ ಹೋದರು. ಆಫೀಸ್ ಗ್ರೂಪನ್ನ ಮ್ಯೂಟ್ ಮಾಡಿ ಫೋನನ್ನ ಅಡುಗೆಮನೆಯಲ್ಲಿಡು. ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬರದಿದ್ದರೆ ಎದ್ದು ಮಂದ ಬೆಳಕಲ್ಲಿ ಕೂತು, ಕಣ್ಣು ಎಳೆದಾಗ ಮತ್ತೆ ಮಲಗು. ಎಷ್ಟೇ ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಬದಲಾಗದಿರಲಿ. ನಿನ್ನ ರೂಮ್‌ಮೇಟ್ ಹತ್ತಿರ ನಿದ್ದೆ ಮಾತ್ರೆ ಇದೆ ಅಂದಿದ್ದೆಯಲ್ಲ, ಅದನ್ನ ಮುಟ್ಟಬೇಡ. ಬೇರೆಯವರಿಗೆ ಬರೆದುಕೊಟ್ಟ ಮಾತ್ರೆ ನಿನಗಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎದೆನೋವು ಬಂದು ಕೈಗೋ ದವಡೆಗೋ ಹರಡಿದರೆ, ಬೆವರು ಕಿತ್ತು ಬಂದರೆ, ಸ್ಟ್ರೆಸ್ ಇರಬಹುದು ಅಂತ ಕೂರಬೇಡ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸು. ಇನ್ನು ನಿದ್ದೆ, ಊಟ, ಕೆಲಸ ಎರಡು ವಾರವಾದರೂ ಸರಿಹೋಗದಿದ್ದರೆ, ಯಾವುದೂ ಬೇಡ ಅನ್ನಿಸಿದರೆ, ಡಾಕ್ಟರ ಹತ್ತಿರ ಹೋಗೋಣ, ನಾನೇ ಬರುತ್ತೇನೆ. ನಮ್ಮ ಮುಂದೆ ಹೇಳೋಕಾಗದ್ದು ಇದ್ದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರ ಅಕ್ಟೋಬರಿನಲ್ಲಿ ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಈಗಲೇ ಸೇವ್ ಮಾಡಿಕೋ. ಗ್ರೂಪಲ್ಲಿ ಎಲ್ಲರೂ ಮಾಡಿಕೊಳ್ಳಿ.

ಅಣ್ಣಾ, ಅತ್ತಿಗೆ, ಇದು ನಿಮಗೆ. ಪುಟ್ಟಿ ಭಾನುವಾರ ಫೋನ್ ಮಾಡಿದಾಗ ಈ ತಿಂಗಳು ಮದುವೆ ಮಾತು ಬೇಡ, ಸಂಬಳದ ಮಾತೂ ಬೇಡ. ಊಟ ಏನು ಮಾಡಿದೆ ಅಂತ ಕೇಳಿ, ಮಿಕ್ಕದ್ದು ಅವಳೇ ಹೇಳಲಿ. ಮಧ್ಯೆ ಬುದ್ಧಿ ಹೇಳೋಕೆ ಹೋಗಬೇಡಿ. ಪುಟ್ಟಿ, ಶುಕ್ರವಾರ ಸಂಜೆ ನಾನು ಮನೆಯಲ್ಲೇ ಇರುತ್ತೇನೆ. ಬಸ್ ಇಳಿದ ಮೇಲೆ ಫೋನ್ ಮಾಡು.