ಸಹಾಯ ಬೇಕು: ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಸೊಲೆನಾಯ್ಡ್ ಮನೆಯಲ್ಲೇ ಬದಲಿಸಿದವರು ಇದ್ದೀರಾ? (ಹುಬ್ಬಳ್ಳಿ)

ನಮಸ್ಕಾರ್ರೀ ಎಲ್ಲರಿಗೂ. ನನ್ನದು ಡೀಸೆಲ್ ಫೋರ್ ಬೈ ಫೋರ್ ಪಿಕಪ್, 6 ಗೇರಿನ ಆಟೋಮ್ಯಾಟಿಕ್. ನವಲಗುಂದದ ಕಡೆ ಹೊಲಕ್ಕೆ ಓಡಾಡುವ ಗಾಡಿ, ಮಳೆ ಬಿದ್ದ ಮೇಲೆ ಎರಿ ಮಣ್ಣಿನಲ್ಲಿ ಇದಿಲ್ಲದೆ ಕೆಲಸವೇ ಆಗಲ್ಲ. ಈಗ ಎಂಜಿನ್ ಬಿಸಿಯಾದ ಮೇಲೆ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಜೋರಾಗಿ ಒದೆಯುತ್ತದೆ, ತಣ್ಣಗಿದ್ದಾಗ ಏನೂ ಇಲ್ಲ. ಸ್ಕ್ಯಾನರ್ ಹಾಕಿಸಿದಾಗ ಶಿಫ್ಟ್ ಸೊಲೆನಾಯ್ಡ್ (ಗೇರ್ ಬದಲಾಗಲು ಆಯಿಲ್ ಬಿಡುವ, ತಡೆಯುವ ಕರೆಂಟಿನ ವಾಲ್ವ್) ದೋಷದ ಕೋಡ್ ಬಂತು. ಗ್ಯಾರೇಜಿನವರು ಇಡೀ ಗೇರ್‌ಬಾಕ್ಸೇ ಬದಲಿಸಿ ಅಂತಾರೆ, ನನಗೆ ಅದು ಸರಿ ಅನ್ನಿಸುತ್ತಿಲ್ಲ. ಗೇರ್‌ಬಾಕ್ಸಿನ ಕೆಳಗಿನ ಆಯಿಲ್ ಪ್ಯಾನ್ ಬಿಚ್ಚಿ ನೋಡಿದೆ, ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪು ಪೇಸ್ಟ್ ಅಷ್ಟೇ, ಲೋಹದ ಚೂರಿಲ್ಲ, ಆಯಿಲ್‌ಗೆ ಸುಟ್ಟ ವಾಸನೆಯೂ ಇಲ್ಲ. ಹಾಗಿದ್ದರೆ ಕ್ಲಚ್ ಪ್ಲೇಟುಗಳು ಇನ್ನೂ ಚೆನ್ನಾಗಿರಬೇಕು ಅಲ್ವಾ?

ಸೊಲೆನಾಯ್ಡ್, ಫಿಲ್ಟರ್, ಗ್ಯಾಸ್ಕೆಟ್ ತರಿಸಿದ್ದೇನೆ. ವಾಲ್ವ್ ಬಾಡಿ (ಸೊಲೆನಾಯ್ಡ್ ಕೂತಿರುವ, ಆಯಿಲ್ ದಾರಿಗಳಿರುವ ಭಾಗ) ಇಳಿಸುವುದೇ ಚಿಂತೆ. ಬೋಲ್ಟುಗಳೆಲ್ಲ ಬೇರೆ ಬೇರೆ ಉದ್ದ, ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಅಲ್ಯೂಮಿನಿಯಂ ಥ್ರೆಡ್ ಹಾಳಾಗುತ್ತದೆ, ಮೇಲಾಗಿ ಅವಕ್ಕೆ ಬೇಕಾದ ಬಿಗಿ ತುಂಬಾ ಕಮ್ಮಿ. ನನ್ನ ಹತ್ತಿರ ಇರುವುದು ಚಕ್ರದ ನಟ್ಟಿಗೆ ಬಳಸುವ ದೊಡ್ಡ ಟಾರ್ಕ್ ವ್ರೆಂಚ್, ಅದು ಇಲ್ಲಿ ನಡೆಯಲ್ಲ.

ಇನ್ನೊಂದು, ಈ ಗೇರ್‌ಬಾಕ್ಸಿಗೆ ಆಯಿಲ್ ಲೆವೆಲ್ ನೋಡುವ ಡಿಪ್‌ಸ್ಟಿಕ್ ಇಲ್ಲ. ಗಾಡಿ ಸಮತಟ್ಟಾಗಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಕಂಪನಿ ಹೇಳಿದ ಬಿಸಿಗೆ ಆಯಿಲ್ ಬಂದಾಗ ಓವರ್‌ಫ್ಲೋ ಪ್ಲಗ್ ಬಿಚ್ಚಿ ಲೆವೆಲ್ ನೋಡಬೇಕು. ಆ ಬಿಸಿ ತೋರಿಸುವ ಸ್ಕ್ಯಾನರ್ ಮತ್ತು 5ರಿಂದ 25 ನ್ಯೂಟನ್ ಮೀಟರಿನ ಸಣ್ಣ ಟಾರ್ಕ್ ವ್ರೆಂಚ್ ಯಾರಾದರೂ ಎರಡು ದಿನಕ್ಕೆ ಬಾಡಿಗೆಗೆ ಕೊಡ್ತೀರಾ? ಗೋಕುಲ ರೋಡ್, ತಾರಿಹಾಳ, ಧಾರವಾಡ ಎಲ್ಲಿದ್ದರೂ ನಾನೇ ಬಂದು ಒಯ್ಯುತ್ತೇನೆ. ಈ ಕೆಲಸ ಮಾಡಿದ ಅಣ್ಣಂದಿರು ಒಂದು ಭಾನುವಾರ ಜೊತೆಗೆ ನಿಂತರೆ ಇನ್ನೂ ಒಳ್ಳೆಯದು, ಕೂಲಿ ಖಂಡಿತ ಕೊಡುತ್ತೇನೆ, ಊಟ ನಮ್ಮ ಮನೆಯಲ್ಲೇ.