ಅಪ್‌ಡೇಟ್: ಅಡುಗೆ ಎಣ್ಣೆಯ ಖರ್ಚು ಹಿಡಿತಕ್ಕೆ ಬಂದದ್ದು ಹೀಗೆ

ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ದುಬಾರಿಯಾಗಿ ತಿಂಗಳ ಲೆಕ್ಕ ತಪ್ಪುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ವಂದನೆಗಳು. ತಾಳೆ ಎಣ್ಣೆಗೆ ಬದಲಾಗುವ ಉಪಾಯ ಫಲಿಸಲಿಲ್ಲ; 2022ರ ಏಪ್ರಿಲ್ 28ರಿಂದ ಇಂಡೋನೇಷ್ಯಾ ರಫ್ತನ್ನೇ ನಿಲ್ಲಿಸಿದ್ದರಿಂದ ಅದರ ದರವೂ ಏರಿತು. 15 ಕಿಲೋ ಡಬ್ಬ ತಂದಿಡುವುದು ನಮ್ಮ ಪುಟ್ಟ ಸಂಸಾರಕ್ಕೆ ಹೊಂದದು, ತೆರೆದಿಟ್ಟ ಎಣ್ಣೆ ಮುಗಿಯುವ ಮೊದಲೇ ಕಮಟು ವಾಸನೆ ಬರುತ್ತದೆ. ಕೈಹಿಡಿದದ್ದು, ಬೆಲೆಗಿಂತ ಮೊದಲು ಪ್ಯಾಕೆಟ್ಟಿನ ನಿವ್ವಳ ತೂಕ ಓದಿ ಎಂದವರ ಮಾತು: ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಆದರೆ ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಇದ್ದ, ನೋಡಲು ಅಷ್ಟೇ ದಪ್ಪದ ಅಗ್ಗದ ಪ್ಯಾಕೆಟ್ಟಿನಲ್ಲಿ ಇದ್ದದ್ದು 850 ಗ್ರಾಂ ಮಾತ್ರ. ಅಚ್ಚರಿಯೆಂದರೆ, ಒಗ್ಗರಣೆಗೆಂದು ತಂದ ಚಳ್ಳಕೆರೆಯ ಕಡಲೆಕಾಯಿ ಎಣ್ಣೆ ಆಮದಿನದ್ದಲ್ಲದಿದ್ದರೂ, ಜನ ಅತ್ತ ತಿರುಗಿದೊಡನೆ ನಮ್ಮ ಅಂಗಡಿಯಲ್ಲಿ ಅದೂ ತುಸು ಏರಿತು.