ಅರ್ಧ ಕರಡಿ, ಅರ್ಧ ಮನುಷ್ಯ: ಈ ಹೋಮ್‌ಬ್ರೂ ರೇಸ್‌ನಲ್ಲಿ ಏನೇನು ಕತ್ತರಿಸಲಿ?

ದುರ್ಗದತಪ್ಪಲು:

ತುಮಕೂರಲ್ಲಿ ನಾಲ್ಕು ಜನರ ಟೇಬಲ್. ಆಟ ದಾಳ ಉರುಳಿಸಿ ಪಾತ್ರ ಆಡೋ ಡಂಜನ್ಸ್ ಅಂಡ್ ಡ್ರಾಗನ್ಸ್, 5ನೇ ಆವೃತ್ತಿ, 2014ರ ನಿಯಮ. ಕತೆ ನಾಮದ ಚಿಲುಮೆಯಲ್ಲಿ ಶುರುವಾಗಿ, ದೇವರಾಯನದುರ್ಗದ ಕಾಡು, ಮಧುಗಿರಿ ಬೆಟ್ಟ ದಾಟಿ ಕೋಲಾರದ ಚಿನ್ನದ ಗಣಿಯ ತಳದಲ್ಲಿ ಮುಗಿಯುತ್ತೆ. ದುರ್ಗದ ಕಾಡಲ್ಲಿ ಕರಡಿ ಇದ್ದೇ ಇವೆ, ಅದಕ್ಕೇ 'ಜಾಂಬವ' ಅಂತ ಒಂದು ಮಿಶ್ರ ರೇಸ್ (ಪಾತ್ರದ ಕುಲ) ನಾನೇ ಬರೆದಿದೀನಿ, ಪುಸ್ತಕದಲ್ಲಿಲ್ಲದ ಹೋಮ್‌ಬ್ರೂ. ಜಾಂಬವಂತನ ಮಗಳು ಜಾಂಬವತಿಗೂ ಕೃಷ್ಣನಿಗೂ ಹುಟ್ಟಿದವನು ಸಾಂಬ ಅಲ್ವಾ, ಆ ವಂಶದವರು ಅಂತ ಇಟ್ಕೊಳ್ಳಿ.

ಕರಡಿಯ ಕರಡು ಇಷ್ಟಿದೆ:

ಸ್ಟ್ರೆಂತ್ (ಬಲ) +2, ಕಾನ್ಸ್ಟಿಟ್ಯೂಷನ್ (ತಾಳಿಕೆ, ಮುಂದೆ 'ಕಾನ್') +2. ನಡಿಗೆ 35 ಅಡಿ, ಹತ್ತುವ ವೇಗ 30 ಅಡಿ. ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣೋದು) 60 ಅಡಿ. ಉಗುರಿನ ಏಟು 1ಡಿ8 (ಎಂಟು ಮುಖದ ಒಂದು ದಾಳ) + ಸ್ಟ್ರೆಂತ್. ದಟ್ಟ ಕೂದಲಿಂದ ಎಸಿ (ಏಟು ತಗುಲೋಕೆ ಎದುರಾಳಿ ಮುಟ್ಟಬೇಕಾದ ಅಂಕಿ) 13 + ಕಾನ್. ಎಲ್ಲಾ ಪರ್ಸೆಪ್ಷನ್‌ಗೂ (ಸುತ್ತಲಿನದನ್ನ ಗಮನಿಸೋ ಚೆಕ್) ಅಡ್ವಾಂಟೇಜ್ (ಇಪ್ಪತ್ತು ಮುಖದ ದಾಳ ಎರಡು ಸಲ ಉರುಳಿಸಿ ದೊಡ್ಡದನ್ನ ತಗೊಳ್ಳೋದು). ವಿಷದ ಡ್ಯಾಮೇಜ್ ಅರ್ಧ. ಶಾರ್ಟ್ ರೆಸ್ಟ್‌ಗೊಂದು ಸಲ (ನಡುವಿನ ಚಿಕ್ಕ ವಿಶ್ರಾಂತಿ) ಗರ್ಜನೆ: 30 ಅಡಿಯೊಳಗಿನ ಶತ್ರುಗಳೆಲ್ಲ ಒಂದು ನಿಮಿಷ ಹೆದರಬೇಕು. ಇದಕ್ಕೆಲ್ಲ ಬದಲು ಒಂದು ದೌರ್ಬಲ್ಯ: ನೇರ ಬಿಸಿಲಲ್ಲಿ ಏಟು ಹಾಕುವಾಗ ಡಿಸ್‌ಅಡ್ವಾಂಟೇಜ್ (ಎರಡರಲ್ಲಿ ಚಿಕ್ಕದು).

ಒಬ್ಬರು ಬಾರ್ಬೇರಿಯನ್ (ರೊಚ್ಚಿನ ಯೋಧ), ಇನ್ನೊಬ್ಬರು ಮಂಕ್ (ಬರಿಗೈ ಹೋರಾಟಗಾರ) ಕ್ಲಾಸ್ ಆಡ್ತಾರಂತೆ, ಇಬ್ಬರಿಗೂ ಇದೇ ರೇಸ್ ಬೇಕಂತೆ. ಜಾಸ್ತಿ ಆಯ್ತು ಅಂತ ನನಗೂ ಅನ್ನಿಸ್ತಿದೆ. ಆದರೆ ಯಾವುದು ಜಾಸ್ತಿ, ಯಾಕೆ ಅನ್ನೋದು ಬೇಕು.

ಇಪ್ಪತ್ತುಮುಖ:

ಕರಡಿಯಿಂದ ಎಲ್ಲಾ ತಗೊಂಡಿದೀರಿ, ಮನುಷ್ಯನಿಂದ ಏನೂ ಬಿಟ್ಟುಕೊಟ್ಟಿಲ್ಲ. ಮಿಶ್ರ ರೇಸ್ ಬರೆಯೋರೆಲ್ಲ ಮೊದಲು ಎಡವೋದು ಇಲ್ಲೇ: ಎರಡೂ ಕಡೆಯ ಆಸ್ತಿ ಒಂದೇ ಖಾತೆಗೆ ಬೀಳುತ್ತೆ.

ಅಳತೆಗೋಲಾಗಿ ಪುಸ್ತಕದ ಹಾಫ್-ಆರ್ಕ್ ರೇಸ್ ಇಟ್ಕೊಳ್ಳಿ. ಸ್ಟ್ರೆಂತ್ +2, ಕಾನ್ +1, ಡಾರ್ಕ್‌ವಿಷನ್, ಇಂಟಿಮಿಡೇಷನ್ (ಹೆದರಿಸೋ ಕೌಶಲ), ಲಾಂಗ್ ರೆಸ್ಟ್‌ಗೊಂದು ಸಲ ಸೊನ್ನೆಗೆ ಬೀಳದೆ 1 ಹಿಟ್ ಪಾಯಿಂಟ್‌ನಲ್ಲಿ (ಪ್ರಾಣದ ಅಂಕಿ) ನಿಲ್ಲೋದು, ಕ್ರಿಟ್ (ದಾಳದಲ್ಲಿ 20) ಬಿದ್ದರೆ ಒಂದು ದಾಳ ಹೆಚ್ಚು. ಅಷ್ಟೇ. ದೊಡ್ಡದು ಅನ್ನಬಹುದಾದದ್ದು ಒಂದೇ, ಉಳಿದದ್ದು ಚಿಲ್ಲರೆ. ನಿಮ್ಮ ಕರಡಲ್ಲಿ ದೊಡ್ಡದೇ ನಾಲ್ಕಿದೆ.

ಮೊದಲು ಎಸಿ. 13 + ಕಾನ್ ಅಂದರೆ ಒಂದೇ ಸ್ಟ್ಯಾಟ್ ಹಿಟ್ ಪಾಯಿಂಟೂ ಕೊಡುತ್ತೆ, ಕಾನ್ಸಂಟ್ರೇಷನ್ (ಮಂತ್ರ ಹಿಡಿದಿಡೋ ಏಕಾಗ್ರತೆ) ಸೇವೂ (ಕೇಡು ತಪ್ಪಿಸಿಕೊಳ್ಳೋಕೆ ಉರುಳಿಸೋ ದಾಳ) ಕೊಡುತ್ತೆ, ಎಸಿಯೂ ಕೊಡುತ್ತೆ. ಕಾನ್ 17 (ಅಂದರೆ +3) ಇದ್ದರೆ ಮೊದಲನೇ ಲೆವೆಲ್‌ನಲ್ಲೇ ಎಸಿ 16, ಗುರಾಣಿ ಹಿಡಿದರೆ 18. ಚೈನ್ ಮೇಲ್ ಕವಚದ 16ಕ್ಕೆ ಫೈಟರ್ 75 ಚಿನ್ನದ ನಾಣ್ಯ ಕೊಟ್ಟು ಸ್ಟೆಲ್ತ್‌ನಲ್ಲಿ (ಅಡಗಿ ನುಸುಳೋದು) ಡಿಸ್‌ಅಡ್ವಾಂಟೇಜ್ ಬೇರೆ ಹೊರಬೇಕು. ಪಾಯಿಂಟ್ ಬೈನಲ್ಲಿ (27 ಪಾಯಿಂಟ್ ಹಂಚಿ ಸ್ಟ್ಯಾಟ್ ಕೊಳ್ಳೋ ವಿಧಾನ) ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತೆ: ಬಾರ್ಬೇರಿಯನ್ ಮರ್ಯಾದೆಯ ಎಸಿಗೆ ಡೆಕ್ಸ್ (ಚುರುಕು) 14 ಇಡಬೇಕು, ಅದಕ್ಕೆ 27ರಲ್ಲಿ 7 ಪಾಯಿಂಟ್ ಖರ್ಚು. ನಿಮ್ಮ ಜಾಂಬವನಿಗೆ ಡೆಕ್ಸ್ 8 ಸಾಕು, ಆ 7 ಪಾಯಿಂಟ್ ಉಳಿತಾಯ. ಲಿಜರ್ಡ್‌ಫೋಕ್‌ಗೆ 13 + ಡೆಕ್ಸ್ ಇದೆ, ಲಾಕ್ಸೋಡನ್‌ಗೆ 12 + ಕಾನ್ ಇದೆ. ಆದರೆ ಆ ರೇಸ್‌ಗಳಲ್ಲಿ ಅದು ಮುಖ್ಯ ಗುಣಗಳಲ್ಲೊಂದು. ಇದನ್ನ ಪೂರ್ತಿ ತೆಗೀರಿ.

ಉಗುರು. 2014ರ ಮಂಕ್‌ಗೆ ಬರಿಗೈ ಏಟಿನ ದಾಳ 1ಡಿ4. 5ನೇ ಲೆವೆಲ್‌ಗೆ ಡಿ6, 11ಕ್ಕೆ ಡಿ8. ನೀವು 11ನೇ ಲೆವೆಲ್‌ನ ಕೈ 1ನೇ ಲೆವೆಲ್‌ಗೇ ಕೊಟ್ಟಿದೀರಿ. 1ಡಿ4ಕ್ಕೆ ಇಳಿಸಿ, ಸ್ಲ್ಯಾಷಿಂಗ್ ಅನ್ನಿ, ಸಾಕು. ನಿರಾಯುಧನಾಗಿ ಸೆರೆ ಸಿಕ್ಕಾಗ ಕೈಯಲ್ಲಿ ಏನೋ ಇದೆ ಅನ್ನೋದೇ ಅದರ ಬೆಲೆ.

ಗರ್ಜನೆ. ಫಿಯರ್ ಅನ್ನೋ 3ನೇ ಮಟ್ಟದ ಸ್ಪೆಲ್ ವಿಜರ್ಡ್‌ಗೆ ಸಿಗೋದು 5ನೇ ಲೆವೆಲ್‌ಗೆ. ಅದೂ 30 ಅಡಿಯ ಕೋನ್, ಕಾನ್ಸಂಟ್ರೇಷನ್ ಬೇಕು, ವಿಸ್ಡಮ್ ಸೇವ್ ಇದೆ. ನಿಮ್ಮದು ಸುತ್ತಲೂ, ಕಾನ್ಸಂಟ್ರೇಷನ್ ಇಲ್ಲ, ಸೇವ್ ಬರೆದೇ ಇಲ್ಲ, ಶಾರ್ಟ್ ರೆಸ್ಟ್‌ಗೆ ವಾಪಸ್. ದಿನಕ್ಕೆ ಮೂರು ಸಲ ಯುದ್ಧ ಮುಗಿಸೋ ಬಟನ್ ಇದು.

+2/+2 ಮೌಂಟನ್ ಡ್ವಾರ್ಫ್ ನೋಡಿ ಬರೆದಿದ್ದಲ್ವಾ? ಅದು ಅಪವಾದ. ಆ ರೇಸ್‌ನ ಇನ್ನೊಂದು ಗುಣ ರಕ್ಷಾಕವಚದ ಪ್ರೊಫಿಶಿಯನ್ಸಿ (ತೊಡೋ ಪರಿಣತಿ), ಸ್ಟ್ರೆಂತ್ ಬೇಕಾದ ಕ್ಲಾಸ್‌ಗಳಿಗೆ ಅದು ಆಗಲೇ ಇರುತ್ತೆ. ಅಂದರೆ ಅದರಲ್ಲಿ ಅರ್ಧ ವ್ಯರ್ಥ. ನೀವು +2/+1ಕ್ಕೆ ಬನ್ನಿ.

ವಾಸನೆ ಅಂದರೆ ವಾಸನೆಗೆ ಮಾತ್ರ. ಅಡ್ವಾಂಟೇಜ್ ಇದ್ದರೆ ಪ್ಯಾಸಿವ್ ಪರ್ಸೆಪ್ಷನ್‌ಗೆ (ದಾಳ ಉರುಳಿಸದೆಯೇ ಇರೋ ಗಮನದ ಅಂಕಿ) +5 ಸೇರುತ್ತೆ, ಅದು ಎಲ್ಲಾ ಹೊತ್ತೂ ಇದ್ದರೆ ನೀವು ಹೊಂಚುದಾಳಿ ಬರೆಯೋದೇ ದಂಡ. ಮಾನ್ಸ್ಟರ್ ಪುಸ್ತಕದ ಕಪ್ಪು ಕರಡಿಗೂ ವಾಸನೆ ಆಧಾರದ ಚೆಕ್‌ಗಷ್ಟೇ ಅಡ್ವಾಂಟೇಜ್.

ಗಣಿಗತ್ತಲು:

ಮೇಲಿನವರು ಬಿಸಿಲಿನ ವಿಷಯ ಬಿಟ್ಟರು. ದೌರ್ಬಲ್ಯ ಕೊಟ್ಟು ಶಕ್ತಿ ಕೊಳ್ಳೋ ವ್ಯಾಪಾರ ಬೇಡ. ನಿಮ್ಮ ಕತೆಯ ಕೊನೆಯ ಭಾಗ ಪೂರ್ತಿ ಗಣಿಯೊಳಗೆ. ಕೆಜಿಎಫ್‌ನ ಹಳೇ ಶಾಫ್ಟ್‌ಗಳು 3 ಕಿ.ಮೀ.ಗೂ ಹೆಚ್ಚು ಆಳ, ಅಲ್ಲಿ ಯಾವ ಬಿಸಿಲು? ದೌರ್ಬಲ್ಯ ಸೊನ್ನೆಯಾಗುತ್ತೆ, ಶಕ್ತಿ ಮಾತ್ರ ಉಳಿಯುತ್ತೆ. ಅದೇ ಪಾವಗಡದ ಬಯಲಲ್ಲಿ ಮಧ್ಯಾಹ್ನ ಆಡಿಸಿದರೆ ಆ ಆಟಗಾರ ಮೂರು ಗಂಟೆ ಡಿಸ್‌ಅಡ್ವಾಂಟೇಜ್‌ನಲ್ಲೇ ಉರುಳಿಸಿ ಬೇಜಾರಾಗ್ತಾನೆ. ಎರಡೂ ಕೆಟ್ಟದ್ದೇ.

ನಿಜವಾಗಿ ಖರ್ಚು ಅನ್ನಿಸೋ ಕೊರತೆ ಬೇಕಾದರೆ ಡಾರ್ಕ್‌ವಿಷನ್ ತೆಗೀರಿ. ನಮ್ಮ ಕಡೆಯ ಕರಡಿಗೆ ಕಣ್ಣು ಅಷ್ಟಕ್ಕಷ್ಟೇ, ಮೂಗೇ ಎಲ್ಲಾ. ಡಾರ್ಕ್‌ವಿಷನ್ ಇಲ್ಲದವನು ಗಣಿಯಲ್ಲಿ ಪಂಜು ಹಿಡೀಬೇಕು: 20 ಅಡಿ ಬೆಳಕು, ಇನ್ನೊಂದು 20 ಅಡಿ ಮಬ್ಬು, ಒಂದು ಗಂಟೆಗೆ ಮುಗೀತು, ಒಂದು ಕೈ ಬೇರೆ ಕಟ್ಟಿಹಾಕುತ್ತೆ. ಹತ್ತುವಾಗ ಎರಡೂ ಕೈ ಬೇಕು ಅಂತ ನೀವು ಹೇಳಿದ ಕ್ಷಣ ಅದು ಆಟವಾಗುತ್ತೆ.

ವಿಷದ ಅರ್ಧ ಡ್ಯಾಮೇಜ್ ಡ್ವಾರ್ಫ್‌ನ ಆಸ್ತಿ, ಕರಡಿಗೆ ಅದು ಎಲ್ಲಿಂದ ಬಂತು? ಕರಡಿ ಹುತ್ತ ಕೆದಕಿ ಗೆದ್ದಲು ಹೀರುವಾಗ ಮೂಗಿನ ಹೊಳ್ಳೆ ಮುಚ್ಕೊಳ್ಳುತ್ತೆ. ಅದನ್ನೇ ಗುಣ ಮಾಡಿ: ಉಸಿರಿನ ಮೂಲಕ ಒಳಗೆ ಹೋಗೋ ವಿಷ, ಹೊಗೆ, ಅನಿಲಗಳ ಸೇವ್‌ಗೆ ಅಡ್ವಾಂಟೇಜ್. ಪೂರ್ತಿ ವಿನಾಯಿತಿ ಬೇಡ, ಯಾಕಂದರೆ ಮೂಲ ನಿಯಮದಲ್ಲೇ ಉಸಿರು ಹಿಡಿದರೂ ಅಂಥ ವಿಷ ತಟ್ಟುತ್ತೆ ಅಂತಿದೆ. ಕಿರಿದಾದ ಗುಣ, ಆದರೆ ಗಣಿಯಲ್ಲಿ ಒಂದೆರಡು ಸಲ ಮಿಂಚುತ್ತೆ. ಅದೇ ಹುತ್ತದಿಂದ ಇನ್ನೊಂದು: ಸಡಿಲ ಮಣ್ಣಾದರೆ ಒಂದು ನಿಮಿಷಕ್ಕೆ 5 ಅಡಿ ಘನದಷ್ಟು ಅಗೆಯಬಹುದು, ಬಂಡೆಗೆ ಆಗಲ್ಲ. 'ಬಂಡೆಗೆ ಆಗಲ್ಲ' ಅನ್ನೋದನ್ನ ಬರೀಲೇಬೇಕು, ಇಲ್ಲಾಂದರೆ ಮಧುಗಿರಿಯ ಏಕಶಿಲೆಯನ್ನೇ ಕೊರೆಯೋಕೆ ಹೊರಡ್ತಾರೆ.

ಹತ್ತುವ ವೇಗ 20 ಸಾಕು. ಆ ವೇಗ ಇಲ್ಲದವನು ಪ್ರತಿ ಅಡಿಗೂ ಎರಡಡಿ ಖರ್ಚು ಮಾಡ್ತಾನೆ, 30 ಅಡಿ ನಡಿಗೆಯವನು ಸರದಿಗೆ 15 ಅಡಿ ಏರ್ತಾನೆ. 20 ಅಂದರೆ ಅವನಿಗಿಂತ ಮುಂದೆ, ಆದರೆ ಬಿಲ್ಲುಗಾರರ ಕೈಗೆ ಸಿಗದ ಹಾಗಲ್ಲ.

ಹುಣಸೆತೋಪು:

ಎಲ್ಲಾ ಕತ್ತರಿಸಿದಿರಿ, ಈಗ ಉಳಿದದ್ದು ಮೂಗು ಮತ್ತು ಉಗುರು. ಜಾಂಬವ ಅಂತ ಹೆಸರಿಟ್ಟು ಬರೀ ಪ್ರಾಣಿ ಮಾಡೋದಾ? ಜಾಂಬವಂತನ ದೊಡ್ಡ ಕೆಲಸ ಗರ್ಜನೆ ಅಲ್ಲ ಕಣ್ರೀ. ಸಮುದ್ರದ ದಡದಲ್ಲಿ ಸುಮ್ಮನೆ ಕೂತಿದ್ದ ಹನುಮಂತನಿಗೆ ಅವನ ಬಲ ಅವನಿಗೇ ನೆನಪಿಸಿದ್ದು. ಆ ಒಂದು ದೊಡ್ಡ ಗುಣ ಇಲ್ಲಿಂದ ತಗೊಳ್ಳಿ.

ಬೋನಸ್ ಆಕ್ಷನ್ (ಸರದಿಯಲ್ಲಿ ಮಾಡಬಹುದಾದ ಒಂದು ಹೆಚ್ಚುವರಿ ಚಿಕ್ಕ ಕೆಲಸ). 30 ಅಡಿಯೊಳಗೆ ನಿಮ್ಮ ಮಾತು ಕೇಳಿಸೋ ಒಬ್ಬ ಜೊತೆಗಾರನಿಗೆ ಒಂದು ಡಿ4. ಒಂದು ನಿಮಿಷದೊಳಗೆ ಅವನು ಏಟು, ಚೆಕ್, ಸೇವ್ ಯಾವುದಾದರೂ ಒಂದಕ್ಕೆ ಸೇರಿಸಬಹುದು. ತನಗೇ ಕೊಟ್ಕೊಳ್ಳೋ ಹಾಗಿಲ್ಲ. ಲಾಂಗ್ ರೆಸ್ಟ್‌ಗೆ ಪ್ರೊಫಿಶಿಯನ್ಸಿ ಬೋನಸ್‌ನಷ್ಟು ಸಲ, ಅಂದರೆ 1ರಿಂದ 4ನೇ ಲೆವೆಲ್‌ವರೆಗೆ ಎರಡು, 5ಕ್ಕೆ ಮೂರು, 17ಕ್ಕೆ ಆರು. ಬಾರ್ಡ್ (ಹಾಡುಗಾರ ಕ್ಲಾಸ್) ಜೊತೆಗಾರರಿಗೆ ಕೊಡೋ ಇನ್‌ಸ್ಪಿರೇಷನ್ ದಾಳ ಡಿ6ರಿಂದ ಶುರು, 10 ನಿಮಿಷ ಇರುತ್ತೆ, ಆದ್ದರಿಂದ ಬಾರ್ಡ್‌ನ ಅನ್ನಕ್ಕೆ ಕೈ ಹಾಕಿದ ಹಾಗಾಗಲ್ಲ. ಇನ್ನೊಂದು ಲಾಭ: ಬಾರ್ಬೇರಿಯನ್‌ಗೆ ರೇಜ್ (ರೊಚ್ಚು) ಶುರುಮಾಡೋಕೂ, ಮಂಕ್‌ಗೆ ಎರಡನೇ ಏಟಿಗೂ ಬೋನಸ್ ಆಕ್ಷನ್ನೇ ಬೇಕು. ನಿಮ್ಮ ಇಬ್ಬರಿಗೂ ಪ್ರತಿ ಸರದಿ ಒಂದು ಆಯ್ಕೆ ನಿಲ್ಲುತ್ತೆ.

ಟೇಬಲ್‌ಗೆ ತರೋ ಮುಂಚೆ ಲೆಕ್ಕ ಹಾಕಿ. ಗಾಬ್ಲಿನ್ (ಪುಟ್ಟ ರಾಕ್ಷಸನಂಥ ಶತ್ರು) ಎಸಿ 15, ಹಿಟ್ ಪಾಯಿಂಟ್ 7. +5 ಇರೋ ಕೈಗೆ 10 ಬಿದ್ದರೆ ಸಾಕು, ಅಂದರೆ 55%. ಉಗುರು 1ಡಿ8 + 3 ಆದರೆ ತಗುಲಿದ ಏಟು ಗಾಬ್ಲಿನ್ ಕೊಲ್ಲೋದು 8ರಲ್ಲಿ 5 ಸಲ. 1ಡಿ4 + 3 ಆದರೆ 4ರಲ್ಲಿ 1 ಸಲ. ಸರಾಸರಿ ಡ್ಯಾಮೇಜ್‌ನಲ್ಲಿ ವ್ಯತ್ಯಾಸ ಬರೀ 2, ಆದರೆ ಹೆಣದ ಲೆಕ್ಕದಲ್ಲಿ ಎರಡೂವರೆ ಪಟ್ಟು. ಸರಾಸರಿ ಮಾತ್ರ ನೋಡೋರಿಗೆ ಇದು ಕಾಣಲ್ಲ.

ಆಮೇಲೆ ಒಬ್ಬರೇ ಕೂತು ನಾಲ್ಕು ಜನ 1ನೇ ಲೆವೆಲ್‌ನವರ ಎದುರು ಮೂರು ಗಾಬ್ಲಿನ್ ಬಿಡಿ. 2014ರ ಲೆಕ್ಕದಲ್ಲಿ 150 ಎಕ್ಸ್‌ಪಿ (ಅನುಭವದ ಅಂಕ), ಶತ್ರುಗಳು ಮೂರಿರೋದರಿಂದ ಎರಡರಿಂದ ಗುಣಿಸಿ 300, ಸರಿಯಾಗಿ 'ಹಾರ್ಡ್'. ನಾಲ್ಕು ಬಿಟ್ಟರೆ 400, 'ಡೆಡ್ಲಿ' ಆಗಿ ಯಾರೋ ಸಾಯ್ತಾರೆ, ಏನೂ ಗೊತ್ತಾಗಲ್ಲ. ಒಂದು ಸಲ ಜಾಂಬವನ ಜೊತೆ, ಇನ್ನೊಂದು ಸಲ ಅದೇ ಕ್ಲಾಸ್‌ನ ಹಾಫ್-ಆರ್ಕ್ ಜೊತೆ. ಗೆದ್ದರಾ ಅಂತ ನೋಡಬೇಡಿ, ಇಪ್ಪತ್ತು ಮುಖದ ದಾಳ ಎರಡು ಆಟದಲ್ಲಿ ಏನು ಬೇಕಾದರೂ ಹೇಳುತ್ತೆ. ರೇಸ್‌ನ ಗುಣ ಎಷ್ಟು ಸಲ ಬಳಕೆಗೆ ಬಂತು ಅಂತ ಗೀಟು ಹಾಕ್ತಾ ಹೋಗಿ. ಪ್ರತಿ ಸುತ್ತಲ್ಲೂ ಬಂದರೆ ಜಾಸ್ತಿ, ಇಡೀ ಸಂಜೆ ಒಂದು ಸಲವೂ ಬರದಿದ್ದರೆ ಆ ಸಾಲು ಹೊಡೆದುಹಾಕಿ.

ದುರ್ಗದತಪ್ಪಲು:

ಧನ್ಯವಾದ. ಎಸಿ, ಗರ್ಜನೆ, ಡಾರ್ಕ್‌ವಿಷನ್, ಬಿಸಿಲು, ವಿಷ ಎಲ್ಲಾ ಹೋಯ್ತು. ಯಾವುದಾದರೂ ಸ್ಟ್ಯಾಟ್‌ಗೆ +2, ಬೇರೊಂದಕ್ಕೆ +1 (ಮಂಕ್‌ಗೆ ಡೆಕ್ಸ್ ಬೇಕಲ್ಲ), ನಡಿಗೆ 30, ಹತ್ತೋದು 20, ಉಗುರು 1ಡಿ4, ವಾಸನೆ, ಹೊಳ್ಳೆ, ಹುತ್ತ, 'ಬಲ ನೆನಪಿಸು'. ಬಾರ್ಬೇರಿಯನ್ ಆಡೋರು ಕರಡಿ ಅಪ್ಪುಗೆ ಬೇಕೇ ಬೇಕು ಅಂತಿದಾರೆ: ಉಗುರು ತಗುಲಿದರೆ ಬೋನಸ್ ಆಕ್ಷನ್‌ನಲ್ಲಿ ಗ್ರ್ಯಾಪಲ್ (ಹಿಡಿದು ನಿಲ್ಲಿಸೋದು). ಸೇರಿಸಲಾ?

ಇಪ್ಪತ್ತುಮುಖ:

ಬೇಡ. ರೇಜ್‌ನಲ್ಲಿ ಸ್ಟ್ರೆಂತ್ ಚೆಕ್‌ಗಳಿಗೆಲ್ಲ ಅಡ್ವಾಂಟೇಜ್ ಇದೆ, ಗ್ರ್ಯಾಪಲ್ ಅಂದರೆ ಸ್ಟ್ರೆಂತ್‌ನ ಅಥ್ಲೆಟಿಕ್ಸ್ ಚೆಕ್. ಏಟು ಬಿಟ್ಟುಕೊಡದೇ ಎದುರಾಳಿಯ ವೇಗ ಸೊನ್ನೆ ಮಾಡೋ ಯಂತ್ರ ಆಗುತ್ತೆ. ಅಪ್ಪಿಕೊಳ್ಳಲೇಬೇಕು ಅಂದರೆ ಎಲ್ಲರ ಹಾಗೆ ಒಂದು ಏಟು ಬಿಟ್ಟು ಅಪ್ಪಿಕೊಳ್ಳಲಿ, ನಿಯಮ ಈಗಾಗಲೇ ಇದೆ. ಅಥವಾ 'ಬಲ ನೆನಪಿಸು' ಬದಲು ಇದನ್ನ ತಗೊಳ್ಳಲಿ. ಎರಡೂ ಅಂತೂ ಇಲ್ಲ.

ಗಣಿಗತ್ತಲು:

ಮುಂದೆ 2024ರ ಪುಸ್ತಕಕ್ಕೆ ಹೋಗೋ ಯೋಚನೆ ಇದ್ದರೆ +2/+1 ಸಾಲು ಪೂರ್ತಿ ತೆಗೀರಿ, ಅಲ್ಲಿ ಅದು ಬ್ಯಾಕ್‌ಗ್ರೌಂಡ್‌ನಿಂದ (ಪಾತ್ರದ ಹಿನ್ನೆಲೆ) ಬರುತ್ತೆ. ಎರಡೂ ಕಡೆ ಕೊಟ್ಟರೆ ಜಾಂಬವರಿಗಷ್ಟೇ ಡಬಲ್.

ಹುಣಸೆತೋಪು:

ಕನ್ನಡದಲ್ಲಿ ಬರೆದು ಹಂಚೋದಾದರೆ 'ಸುತ್ತು' ಅಂದರೆ ಎಲ್ಲರದೂ ಸೇರಿ, 'ಸರದಿ' ಅಂದರೆ ಒಬ್ಬರದು ಅಂತ ಮೇಲೇ ಬರೆದುಬಿಡಿ. 'ಮುಂದಿನ ಸರದಿವರೆಗೆ' ಅಂತ ಬಿಟ್ಟರೆ ಕೊಟ್ಟವನ ಸರದಿಯೋ, ತಗೊಂಡವನದೋ ಅಂತ ಜಗಳ ಗ್ಯಾರಂಟಿ. ಡಿ4 ಸೇರಿಸೋ ತೀರ್ಮಾನ ಡಿ20 ಉರುಳಿಸೋಕೆ ಮುಂಚೆಯೇ ಆಗಬೇಕು, ಒಬ್ಬನ ಹತ್ತಿರ ಒಂದು ಸಲಕ್ಕೆ ಒಂದೇ ಡಿ4 ಇರಬೇಕು ಅಂತಲೂ ಸೇರಿಸಿ. ನಿಮ್ಮಲ್ಲಿ ಇಬ್ಬರು ಜಾಂಬವರು ಇದಾರೆ, ಒಬ್ಬರಿಗೊಬ್ಬರು ನೆನಪಿಸ್ತಾ ಕೂರ್ತಾರೆ.